ಸಹಾಯ ಬೇಕು: ಸೂರಕ್ಕಿ ಕಿಟಕಿ ಗಾಜು ಕುಕ್ಕುತ್ತಿದೆ

ನಮಸ್ಕಾರ, ನಾವಿರೋದು ಮೈಸೂರಿನಲ್ಲಿ. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದು 2 ತಿಂಗಳಿಂದ ಹಾಸಿಗೆಯಲ್ಲಿದ್ದಾರೆ. ಈಗ ಅವರಿಗಿರುವ ಸಮಾಧಾನ ಅಂದರೆ ಕಿಟಕಿ ಒಂದೇ. ಹೊರಗಿನ ದಾಸವಾಳದ ಕೊಂಬೆಗೆ ಸೂರಕ್ಕಿ ಜೋಡಿ ಗೂಡು ಕಟ್ಟಿದೆ. ಜೇಡರ ಬಲೆ, ನಾರು, ತೊಗಟೆ ಚೂರು ಸೇರಿಸಿ ಹೆಣೆದ ಪುಟ್ಟ ಚೀಲ. ಹೆಣ್ಣು ಹಕ್ಕಿ ಕಾವಿಗೆ ಕೂತಾಗ ಬಾಗಿದ ಕೊಕ್ಕು ಮಾತ್ರ ಆಚೆ ಕಾಣುತ್ತೆ. "ಇನ್ನೂ ಎದ್ದಿಲ್ಲ ನೋಡು ಅವಳು" ಅಂತ ಅಮ್ಮ ನಗುತ್ತಾರೆ. ಮೊದಲು ಮಾತೇ ಆಡುತ್ತಿರಲಿಲ್ಲ.

ಆದರೆ 4 ದಿನದಿಂದ ಗಂಡು ಹಕ್ಕಿ ಗಾಜಿನಲ್ಲಿ ಕಾಣುವ ತನ್ನನ್ನೇ ಬೇರೆ ಗಂಡು ಅಂದುಕೊಂಡು ಬೆಳಿಗ್ಗೆಯಿಂದ ಕುಕ್ಕುತ್ತಿದೆ. ಒಳಗೆ ಪರದೆ ಎಳೆದೆ, ಪ್ರತಿಬಿಂಬ ಇನ್ನೂ ಜಾಸ್ತಿ ಆಯ್ತು. ಹೊರಗಡೆ ಪೇಪರ್ ಅಂಟಿಸಿದೆ. ಕುಕ್ಕೋದು ನಿಂತಿತು, ಆದರೆ ಅಮ್ಮ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಸಂಜೆಯೇ ಕಿತ್ತುಹಾಕಿದೆ.

ಹೊರಗೆ ಸೊಳ್ಳೆ ಜಾಲರಿ ಬಿಗಿಯಾಗಿ ಹೊಡೆದರೆ ಸರಿಹೋಗಬಹುದು ಅನ್ನಿಸುತ್ತೆ. ಆದರೆ ಗೂಡು ಗಾಜಿಗೆ ಎರಡೇ ಅಡಿ ದೂರ. ಮೊಟ್ಟೆ ಇರುವಾಗ ಅಲ್ಲಿ ನಿಂತು ಮೊಳೆ ಹೊಡೆದರೆ ತಾಯಿ ಗೂಡು ಬಿಟ್ಟು ಹೋಗುತ್ತಾ? ಇಲ್ಲಾ ಗಾಜಿನ ಹೊರಮೈಗೆ ಸೋಪು ತೆಳ್ಳಗೆ ಬಳಿದರೆ ಸಾಕಾ? ಅಮ್ಮನಿಗೆ ಗೂಡು ಕಾಣಬೇಕು, ಹಕ್ಕಿಗೆ ಗಾಜಿನಲ್ಲಿ ತಾನು ಕಾಣಬಾರದು. ಏನು ಮಾಡಲಿ?