ಸಹಾಯ ಬೇಕು: ಹಳೆಯ ಪದ್ಮಿನಿ ಕಾರಿನ ಎಂಜಿನ್ ಭಾಗಗಳಿಗೆ ತುಕ್ಕು

ಎಲ್ಲರಿಗೂ ನಮಸ್ಕಾರ. ಅಪ್ಪನ 1984ರ ಪ್ರೀಮಿಯರ್ ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸಲು ಹೊರಟಿದ್ದೇನೆ. ಉಡುಪಿಯ ಉಪ್ಪುಗಾಳಿಯಲ್ಲಿ ಆರು ಮಳೆಗಾಲ ನಿಂತು ಏರ್ ಫಿಲ್ಟರ್ ಡಬ್ಬಿ, ಫ್ಯಾನ್ ಪುಲ್ಲಿ, ಬ್ರಾಕೆಟ್‌ಗಳೆಲ್ಲ ತುಕ್ಕು ಹಿಡಿದಿವೆ.

ಒಂದು ಬ್ರಾಕೆಟ್ಟನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ ತಂತಿ ಬ್ರಷ್‌ನಿಂದ ಉಜ್ಜಿದೆ. ಬೂದು ಲೋಹ ಕಂಡಾಗ ಜೀವ ತಂಪಾಯಿತು. ತೊಳೆದು ಒರೆಸಿಟ್ಟರೂ ಮಧ್ಯಾಹ್ನದೊಳಗೆ ಮತ್ತೆ ಕೇಸರಿ ಪುಡಿ! ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಬಿಸಿಲಿಗಿಟ್ಟು ಒಣಗಿಸಿ, ತಕ್ಷಣ ಪ್ರೈಮರ್ ಹಚ್ಚಿದರೆ ನಿಲ್ಲುತ್ತದೆಯೇ? ರೆಡ್ ಆಕ್ಸೈಡ್ ಪ್ರೈಮರ್ ಸಾಕೇ, ಎಪಾಕ್ಸಿಯೇ ಬೇಕೇ?

ಎಂಜಿನ್‌ನ ಬಿಸಿ ಹೊಗೆಯನ್ನು ಹೊರಸಾಗಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ 600 ಡಿಗ್ರಿ ತಡೆಯುವ ಬಣ್ಣ ತರುತ್ತೇನೆ. ಅದನ್ನು ಪ್ರೈಮರ್ ಇಲ್ಲದೆ ನೇರವಾಗಿ ಬಳಿಯಬಹುದೇ?

ಕೈಯಲ್ಲಿರುವುದು 2,500 ರೂಪಾಯಿ, ಸ್ಯಾಂಡ್‌ಬ್ಲಾಸ್ಟಿಂಗ್ (ಮರಳನ್ನು ರಭಸದಿಂದ ಚಿಮ್ಮಿಸಿ ತುಕ್ಕು ತೆಗೆಯುವುದು) ಮಾಡಿಸಲಾರೆ. ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.