ಹಳೇ ಲೇಖನದ ಲಿಂಕ್ ಹಾಕುವಾಗ ಇಸವಿ ಕಡ್ಡಾಯ ಮಾಡೋಣವೇ?

ಕಟ್ಟೆಪುರಾಣ:
ಮೊನ್ನೆ ಇಲ್ಲಿ "ಪ್ಯಾನ್-ಆಧಾರ್ ಜೋಡಣೆ: ಮಾರ್ಚ್ 31 ಕೊನೇ ದಿನ" ಅಂತ ಒಂದು ಲಿಂಕ್ ಬಿತ್ತು. ಅಪ್ಪನಿಗೆ ಓದಿ ಹೇಳಿದೆ, ಅವರು ಕಾರ್ಡುಗಳನ್ನ ಜೇಬಿಗಿಟ್ಟುಕೊಂಡು ಸೈಬರ್ ಸೆಂಟರಿಗೆ ಹೊರಟೇಬಿಟ್ಟರು. ತೆರೆದು ನೋಡಿದರೆ 2021ರ ಸುದ್ದಿ! 2019ರಲ್ಲೂ ಗಡುವು ಮಾರ್ಚ್ 31, 2021ರಲ್ಲೂ ಅದೇ, 2022ರಲ್ಲೂ ಅದೇ. ಆಮೇಲೆ ಸಾವಿರ ರೂಪಾಯಿ ದಂಡದ ಜೊತೆ 2023ರ ಜೂನ್ 30. ಬರೀ ತಲೆಬರಹ ನೋಡಿದರೆ ಯಾವ ವರ್ಷಕ್ಕೂ ಒಪ್ಪುತ್ತೆ. ಕೊನೆಗೆ (2021) ಅಂತ ಸೇರಿಸೋಕೆ ಏನು ಕಷ್ಟ?

ಓದುಗ_ಹಾಸನ:
ಸುದ್ದಿಗೆ ಸರಿ. ಒಳ್ಳೇ ಪ್ರಬಂಧಕ್ಕೂ (2009) ಅಂತ ಹಾಕಿದ್ರೆ ಯಾರೂ ತೆಗೆದು ನೋಡಲ್ಲ ಗುರು.

ನಿವೃತ್ತ ಡೆಸ್ಕು:
ನೋಡ್ತಾರೆ. ತಂತ್ರಜ್ಞಾನದವರು ಲಿಂಕ್ ಹಂಚಿ ಚರ್ಚಿಸುವ ಹ್ಯಾಕರ್ ನ್ಯೂಸ್‌ನಲ್ಲಿ ಹಿಂದಿನ ವರ್ಷಗಳ ಬರಹಕ್ಕೆ ಇಸವಿ ಸೇರಿಸುವುದು ರೂಢಿ. ಅಲ್ಲಿ ಹಳೇ ಬರಹಗಳಿಗೆ ಭರ್ತಿ ಚರ್ಚೆ ನಡೆಯುತ್ತೆ.

ದಿನಾಂಕ ಇಲ್ಲದಿದ್ದರೆ ಏನಾಗುತ್ತೆ ಅಂತ ಹೇಳ್ತೀನಿ ಕೇಳಿ. 2008ರ ಸೆಪ್ಟೆಂಬರ್ 8. ಯುನೈಟೆಡ್ ಏರ್‌ಲೈನ್ಸ್ ದಿವಾಳಿ ಅರ್ಜಿ ಹಾಕಿದ್ದು 2002ರಲ್ಲಿ. ಆಗಿನ ಶಿಕಾಗೊ ಟ್ರಿಬ್ಯೂನ್ ವರದಿ ಫ್ಲಾರಿಡಾದ ಇನ್ನೊಂದು ಪತ್ರಿಕೆಯ ಸೈಟಿನಲ್ಲಿ ದಿನಾಂಕವಿಲ್ಲದೆ ಕೂತಿತ್ತು. ಗೂಗಲ್ ಅದನ್ನ ಹೊಸ ಸುದ್ದಿ ಅಂದ್ಕೊಂಡಿತು. ಅಲ್ಲಿಂದ ಯಾರೋ ಎತ್ತಿಕೊಂಡು ಷೇರು ವ್ಯಾಪಾರಿಗಳು ನೋಡುವ ಬ್ಲೂಮ್‌ಬರ್ಗ್ ಪರದೆ ಮೇಲೆ ಹಾಕಿದರು. ಸುಮಾರು 12 ಡಾಲರ್ ಇದ್ದ ಷೇರು ನಿಮಿಷಗಳಲ್ಲಿ 3ಕ್ಕೆ ಬಂತು, ವಹಿವಾಟನ್ನೇ ನಿಲ್ಲಿಸಬೇಕಾಯ್ತು. ಸುದ್ದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆರು ವರ್ಷ ಹಳೇದು ಅಷ್ಟೇ.

ಬ್ರಿಟನ್ ಪತ್ರಿಕೆ ಗಾರ್ಡಿಯನ್‌ನವರು 2019ರಲ್ಲಿ ಹಳೇ ಲೇಖನದ ನೆತ್ತಿ ಮೇಲೆ ಎಷ್ಟು ಹಳೇದು ಅಂತ ಹೇಳೋ ಹಳದಿ ಪಟ್ಟಿ ಹಚ್ಚೋಕೆ ಶುರು ಮಾಡಿದ್ದು ಸುಮ್ಮನೆ ಅಲ್ಲ. ಫೇಸ್‌ಬುಕ್ಕೂ 2020ರಿಂದ ತೊಂಬತ್ತು ದಿನ ದಾಟಿದ ಸುದ್ದಿ ಹಂಚುವಾಗ ಒಮ್ಮೆ ಎಚ್ಚರಿಸುತ್ತೆ ಅಂತ ಮಾಡಿತು.

ಓದುಗ_ಹಾಸನ:
ಷೇರು ಪೇಟೆ ಕಥೆ ಬೇರೆ ಬಿಡಿ. ಆದ್ರೂ ಒಪ್ಪಿದೆ.

ಕಟ್ಟೆಪುರಾಣ:
ಪುಟದಲ್ಲೇ ದಿನಾಂಕ ಇಲ್ಲದಿದ್ದರೆ ಸಾರ್?

ನಿವೃತ್ತ ಡೆಸ್ಕು:
ಮೊದಲು ಲಿಂಕನ್ನೇ ಓದಿ, ಎಷ್ಟೋ ಪತ್ರಿಕೆಗಳದ್ದರಲ್ಲಿ ಇಸವಿ, ತಿಂಗಳು ಅಲ್ಲೇ ಇರುತ್ತೆ. ಇಲ್ಲದಿದ್ದರೆ ವೆಬ್ ಪುಟಗಳ ಹಳೇ ಪ್ರತಿ ಕೂಡಿಡುವ ವೇಬ್ಯಾಕ್ ಮಷೀನ್‌ಗೆ ಕೊಡಿ: ಅದರಲ್ಲಿ ಮೊದಲು ಸಿಕ್ಕ ಪ್ರತಿಗಿಂತ ಬರಹ ಹೊಸದಂತೂ ಆಗಿರಲ್ಲ. "ಅಪ್‌ಡೇಟ್ ಆಗಿದ್ದು" ಅನ್ನೋ ಸಾಲನ್ನ ಮಾತ್ರ ನಂಬಬೇಡಿ, ಒಂದು ಕಾಮಾ ತಿದ್ದಿದರೂ ಅದು ಇವತ್ತಿನ ತಾರೀಖು ತೋರಿಸಬಹುದು. ಗಡುವು, ದರ, ನಿಯಮದ ಸುದ್ದಿಯಾದರೆ ತಿಂಗಳನ್ನೂ ಹಾಕಿ.