ಎಮ್ಮೆ-ಹಸುಗಳ ಗರ್ಭಕೋಶ, ಬೆದೆ, ಮಾಸು: ಪಶುವೈದ್ಯರಿಗೆ ನಿಮ್ಮ ಪ್ರಶ್ನೆ

ಗೋಕಾಕ: ಡಾಕ್ಟ್ರೇ, ಮುರ್ರಾ ಎಮ್ಮಿ, ಎರಡನೇ ಸೂಲು, ದಿನ ತುಂಬ್ಯಾವ. ನಿನ್ನೆ ಸಂಜಿಂದ ಏಳೂದು, ಮಲಗೂದು, ಹೊಟ್ಟಿ ಒದಿಯೂದು ನಡದೈತಿ. ನೀರಚೀಲ ಕಂಡಿಲ್ಲ. ಈಗ ತಿಣುಕೂದೂ ಬಿಟ್ಟೈತಿ, ಮೇವು ಮುಟ್ಟವಲ್ದು.

ಪಶುವೈದ್ಯರು: ಗರ್ಭಕೋಶ ತಿರುಚಿಕೊಂಡಿರುವ ಲಕ್ಷಣ ಇದು. ಈಗಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಹತ್ತಿರದ ವೈದ್ಯರನ್ನೂ ಕರೆಸಿ. ಗರ್ಭಕೋಶವನ್ನು ಹಿಡಿದಿರುವ ಪೊರೆ ಅದರ ಒಳಬಾಗಿದ ಅಂಚಿಗೆ ಮಾತ್ರ ಅಂಟಿರುತ್ತದೆ. ಕರು ಬೆಳೆದಂತೆ ಭಾರವೆಲ್ಲ ಆಸರೆಯಿಲ್ಲದ ಕಡೆ ಜೋತುಬೀಳುತ್ತದೆ. ಎಮ್ಮೆ ಮುಂಗಾಲು ಮಂಡಿಯೂರಿ ಹಿಂಭಾಗ ಮೊದಲು ಎತ್ತುತ್ತದಲ್ಲ, ಆಗ ಜಾರಿದರೆ ಗರ್ಭಕೋಶ ಉರುಳುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ದಾರಿ ಮುಚ್ಚುತ್ತದೆ, ಅದಕ್ಕೇ ನೀರಚೀಲ ಬಂದಿಲ್ಲ. ರಕ್ತನಾಳ ಬಿಗಿದರೆ ಕರು ಸಾಯುತ್ತದೆ, ಆಮೇಲೆ ಗರ್ಭಕೋಶದ ಗೋಡೆಯೇ ಕೊಳೆಯುತ್ತದೆ.

ಯೋನಿಯ ಮಡಿಕೆ ಯಾವ ಕಡೆ ಸುತ್ತಿದೆ ಎಂದು ವೈದ್ಯರು ಕೈಹಾಕಿ ನೋಡುತ್ತಾರೆ. ಎಮ್ಮೆಯಲ್ಲಿ ಬಹುಪಾಲು ಬಲಕ್ಕೆ. ಹಾಗಿದ್ದರೆ ಬಲಮಗ್ಗುಲಿಗೆ ಕೆಡವಿ, ಮೇಲಿನ ಪಕ್ಕೆಗೆ ಹಲಗೆ ಒರಗಿಸಿ, ಒಬ್ಬರು ಅದರ ಮೇಲೆ ನಿಂತಿರುವಾಗ ತಿರುಚಿದ ದಿಕ್ಕಿಗೇ ಎಮ್ಮೆಯನ್ನು ನಿಧಾನಕ್ಕೆ ಉರುಳಿಸುತ್ತಾರೆ. ಹಲಗೆ ಗರ್ಭಕೋಶವನ್ನು ಅದುಮಿ ಹಿಡಿಯುತ್ತದೆ, ಮೈ ತಿರುಗಿ ಅದಕ್ಕೆ ಸರಿಹೊಂದುತ್ತದೆ. ದಿಕ್ಕು ತಪ್ಪಿದರೆ ಸುತ್ತು ಬಿಗಿಯುತ್ತದೆ, ನೀವೇ ಮಾಡಬೇಡಿ. 10 ಅಡಿ ಹಲಗೆ, ಹಗ್ಗ, 4 ಜನ, ಮೆತ್ತನೆ ನೆಲ ಸಿದ್ಧವಿರಲಿ. ಗರ್ಭಕೋಶ ಹಿಂಡಿಸುವ ಆಕ್ಸಿಟೋಸಿನ್ ಔಷಧ ಯಾರೂ ಚುಚ್ಚಬಾರದು; ಮುಚ್ಚಿದ ದಾರಿಗೆ ಒತ್ತಿದರೆ ಗರ್ಭಕೋಶ ಹರಿಯುತ್ತದೆ.

ಮಂಡ್ಯ: ಸರ್, ಹಸು ಬೆಳಿಗ್ಗೆ ಬೆದೆಗೆ ಬಂತು. ಸೆಮೆನ್ ಯಾವಾಗ ಹಾಕಿಸ್ಲಿ?

ಪಶುವೈದ್ಯರು: ಸಂಜೆ. ಸಂಜೆ ಬಂದರೆ ಮರುದಿನ ಬೆಳಿಗ್ಗೆ. ಬೆದೆ ಮುಗಿದ 10-12 ಗಂಟೆಗೆ ಅಂಡ ಬಿಡುಗಡೆಯಾಗುತ್ತದೆ.

ಕೋಲಾರ: ನಮ್ದೂ ಬೆಳಿಗ್ಗೆ ಬಂದಿದೆ, ಈಗ್ಲೇ ಹಾಕಿಸ್ಲಾ ಸರ್?

ಪಶುವೈದ್ಯರು: ಮೇಲೆ ಓದಿ.

ತಿಪಟೂರು: ಫಾರ್ವರ್ಡ್ ಬಂದಿದೆ: ‘ಮಾಸು ಬೀಳದಿದ್ದರೆ ಕಲ್ಲು ಕಟ್ಟಿ, ಅರ್ಧ ಗಂಟೇಲಿ ಬೀಳುತ್ತೆ.’

ಪಶುವೈದ್ಯರು: ಇದು ಮೂರನೇ ಸಲ. ದಯವಿಟ್ಟು ಅಳಿಸಿ. ಹಸುವಿನ ಮಾಸು, ಅಂದರೆ ಕರು ಹುಟ್ಟಿದ ಮೇಲೆ ಬೀಳುವ ಪೊರೆ, ಗರ್ಭಕೋಶಕ್ಕೆ 70ರಿಂದ 120 ಕಡೆ, ಅಂಗಿ ಗುಂಡಿ ಹಾಕಿದ ಹಾಗೆ ಕಚ್ಚಿರುತ್ತದೆ. ಕಲ್ಲು ಕಟ್ಟಿದರೆ ಆ ಗುಂಡಿ ಕಿತ್ತು ರಕ್ತ ಸುರಿಯುತ್ತದೆ, ಗರ್ಭಕೋಶವೇ ಹೊರಬೀಳಬಹುದು. 12 ಗಂಟೆಗೂ ಬೀಳದಿದ್ದರೆ ವೈದ್ಯರಿಗೆ ಹೇಳಿ. ಜ್ವರ ಬಂದರೆ, ಮೇವು ಬಿಟ್ಟರೆ ಕಾಯಲೇಬೇಡಿ.

ಶಿರಸಿ: ಕೈಹಾಕಿ ಪೂರ್ತಿ ತೆಗೆಸೋದೇ ಸರಿ, ಇಲ್ದಿದ್ರೆ ಒಳಗೇ ಕೊಳೆಯುತ್ತೆ.

ಹಾಸನ: ತಪ್ಪು. ಎಳೆದ್ರೆ ಚೂರು ಒಳಗುಳಿದು ಕೀವಾಗುತ್ತೆ, ಮುಂದೆ ಗಬ್ಬ ನಿಲ್ಲಲ್ಲ. ಜೋತಾಡೋದನ್ನ ಕತ್ತರಿಸಿ ಬಿಟ್ರೆ ತಾನೇ ಕಳಚುತ್ತೆ.

ಶಿರಸಿ: ವಾರಗಟ್ಟಲೆ ಆ ನಾತ ಸಹಿಸಬೇಕಾ?

ಹಾಸನ: ನಾತಕ್ಕೆ ಹೆದರಿ ಗರ್ಭಕೋಶ ಗಾಯ ಮಾಡ್ತೀರಾ?

ಶಿರಸಿ: ನಿಮ್ಮ ಪಾಠ ಯಾರೂ ಕೇಳಿಲ್ಲ.

ರಾಯಚೂರು: ಹೆಣ್ಗರಾನೇ ಹುಟ್ಟೋ ಸೆಮೆನ್ ಎಮ್ಮಿಗೂ ಸಿಗ್ತೈತೇನ್ರಿ?

ಪಶುವೈದ್ಯರು: ಜಗಳ ಬೇರೆ ಕಡೆ ಆಡಿ. ಗೋಕಾಕದವರೇ, ವೈದ್ಯರು ಬಂದರಾ?

ಗೋಕಾಕ: ದಾರ್ಯಾಗ ಅದಾರ್ರೀ. ಹಲಗಿ ಸಿಕ್ತು.

ಪಶುವೈದ್ಯರು: ಪ್ರತಿ ಸಲ ಉರುಳಿಸಿದ ಮೇಲೂ ಅವರು ಮಡಿಕೆ ಬಿಚ್ಚಿದೆಯೇ ಎಂದು ಕೈಹಾಕಿ ನೋಡುತ್ತಾರೆ, ಅವಸರ ಮಾಡಬೇಡಿ. ಬಿಚ್ಚದಿದ್ದರೆ ಸಿಸೇರಿಯನ್ ಎನ್ನುತ್ತಾರೆ, ಒಪ್ಪಿಕೊಳ್ಳಿ.